ಡಾಕ್ಟರನ್ನು ಡಾಕ್ಟರು ಮಾಡೋರು ಯಾರು?

ಪರೀಕ್ಷೆ ಪಾಸಾದರೆ ಡಾಕ್ಟರು, ಬಿಳಿ ಕೋಟು ತೊಟ್ಟರೆ ಡಾಕ್ಟರು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ಹುಡುಗ ಹುಡುಗಿಯರು ತಮ್ಮನ್ನು ತಾವು ಏನಂದುಕೊಂಡಿದ್ದಾರೆ ಅನ್ನೋದನ್ನು ಪೇಟೆಯಲ್ಲಾಗಲಿ ಹೊಲದ ಬದುವಿನಲ್ಲಾಗಲಿ ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸಬೇಕು. ನಮ್ಮ ರೋಗದ ಹಣೆಬರಹ ಅರ್ಧ ಅದರ ಮೇಲೇ ನಿಂತಿದೆ.

ಅಮೆರಿಕದಲ್ಲಿ ಇದನ್ನು ಕೇಳಿ ನೋಡಿದ್ದಾರೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಮತ್ತು ಸಂಗಡಿಗರು 1957ರಲ್ಲಿ ತಂದ ಪುಸ್ತಕದಲ್ಲಿ ಒಂದು ಸಂಗತಿ ಇದೆ. ಮೆಡಿಕಲ್ ಓದುವ ಹುಡುಗ ಪ್ರೊಫೆಸರ ಮುಂದೆ ನಿಂತಾಗ ತಾನು ವಿದ್ಯಾರ್ಥಿ ಅಂದುಕೊಳ್ಳುತ್ತಾನೆ. ಅದೇ ಹುಡುಗ ರೋಗಿಯ ಮುಂದೆ ಕೂತಾಗ ಡಾಕ್ಟರು ಅಂದುಕೊಳ್ಳುತ್ತಾನೆ. 1961ರಲ್ಲಿ ಹೊವಾರ್ಡ್ ಬೆಕರ್ ತಂಡ ಕನ್ಸಾಸಿನ ಕಾಲೇಜಿನಲ್ಲಿ ಕಂಡದ್ದು ಬೇರೆ. ದೊಡ್ಡ ಆಸೆ ಹೊತ್ತು ಬಂದ ಮಕ್ಕಳು, ಓದು ಗುಡ್ಡದಂತೆ ಬೆಳೆದಾಗ, ಮೇಷ್ಟ್ರು ಪರೀಕ್ಷೆಯಲ್ಲಿ ಏನು ಕೇಳ್ತಾರೆ ಅನ್ನೋದರ ಕಡೆಗೇ ತಿರುಗಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಎರಡೂ ನಿಜ ಅನಿಸುತ್ತದೆ. ಮೇಷ್ಟ್ರು ಅವರನ್ನು ವಿದ್ಯಾರ್ಥಿಯಾಗಿ ಉಳಿಸುತ್ತಾರೆ, ಡಾಕ್ಟರು ಅಂತ ಕೂಗಿ ಡಾಕ್ಟರು ಮಾಡೋದು ರೋಗಿ.

ಆದರೆ ರೋಗಿ ಕೂಗುವ ಭಾಷೆ ಯಾವುದು? ನಮ್ಮ ರಾಯದುರ್ಗದ ಕಡೆಯ ಮಂದಿ ಕಾಯಿಲೆ ಜೋರಾದರೆ ಒಂದೋ ಬಳ್ಳಾರಿಗೆ, ಇಲ್ಲವೇ ಅನಂತಪುರಕ್ಕೆ ಬಸ್ಸು ಹತ್ತುತ್ತಾರೆ. ನಮ್ಮ ನಾಲಿಗೆಯಲ್ಲಿ ಎರಡು ಭಾಷೆ ಒಟ್ಟಿಗೆ ಹರಿಯುತ್ತವೆ. ಶೇಂಗಾ ಮಾರುವಾಗ ಇದು ಲಾಭ, ಆಸ್ಪತ್ರೆಯಲ್ಲಿ ಕೆಲವು ಸಲ ಗಂಡಾಂತರ.

'ಆಯಾಸ' ಅನ್ನೋ ಮಾತನ್ನೇ ತಗೊಳ್ಳಿ. ಕನ್ನಡದಲ್ಲಿ ಅದು ದಣಿವು, ಸುಸ್ತು. ತೆಲುಗಿನಲ್ಲಿ 'ಆಯಾಸಂ' ಅಂದರೆ ಏದುಸಿರು, ಉಬ್ಬಸ. ಕೆಲವು ವರ್ಷದ ಹಿಂದೆ ನಮ್ಮ ಸೋದರತ್ತೆಯನ್ನು ಮೊಮ್ಮಗ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಆಕೆ ಎಳೆಯ ಡಾಕ್ಟರಿಗೆ 'ನಡಿಸ್ತೇ ಆಯಾಸಮೊಸ್ತಾದಿ ನಾಯನಾ' ಅಂದಳು. ಆತ ಕನ್ನಡದವನು, ಸುಸ್ತು ಅಂತ ತಿಳಿದ, ಟಾನಿಕ್ಕು, ಶಕ್ತಿ ಮಾತ್ರೆ ಬರೆದುಕೊಟ್ಟ. ನಾಲ್ಕು ದಿನಕ್ಕೆ ಕಾಲು ಊದಿಕೊಂಡಿತು. ಮತ್ತೆ ಹೋದಾಗ ಸಿಕ್ಕಿದ ಡಾಕ್ಟರಮ್ಮ ಕೇಳಿದ್ದು ಎರಡೇ ಪ್ರಶ್ನೆ: 'ಮಲಗಿದರೆ ಉಸಿರು ಕಟ್ಟುತ್ತಾ ಅವ್ವಾ? ರಾತ್ರಿ ಎಷ್ಟು ದಿಂಬು ಇಟ್ಕೋತೀಯ?' ಹೃದಯ ಸೋತು ಶ್ವಾಸಕೋಶಕ್ಕೆ ನೀರು ಇಳಿದಿತ್ತು. ಅತ್ತೆ ಉಳಿದಳು.

ಮೊದಲನೆಯ ಹುಡುಗ ಕೆಟ್ಟವನಲ್ಲ, ದಡ್ಡನೂ ಅಲ್ಲ. ಡಾಕ್ಟರು ಅಂದರೆ ಉತ್ತರ ಗೊತ್ತಿರುವವನು ಅಂತ ಆತನಿಗೆ ಕಲಿಸಿದ್ದಾರೆ. 'ಏನಂದೆ ಅವ್ವಾ, ಇನ್ನೊಂದು ಸಲ ಹೇಳು' ಅಂದರೆ ಡಾಕ್ಟರಿಕೆ ಒಂದು ಮೆಟ್ಟಿಲು ಇಳಿಯುತ್ತದೆ ಅನ್ನೋ ಅಳುಕು. ಆ ಹೆಣ್ಣುಮಗಳಿಗೆ ಆ ಅಳುಕಿರಲಿಲ್ಲ. ಇಬ್ಬರಿಗೂ ಇದ್ದ ವ್ಯತ್ಯಾಸ ಇಷ್ಟೇ, ಓದಿನದಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ಡಾಕ್ಟರಾದವನು ಏನೇನಾಗಿರಬೇಕು ಅಂತ ಐದು ಪಾತ್ರ ಹೇಳಿತು: ಚಿಕಿತ್ಸಕ, ತಂಡದ ನಾಯಕನೂ ಸದಸ್ಯನೂ, ಮಾತು ಮುಟ್ಟಿಸುವವನು, ಸಾಯುವತನಕ ಕಲಿಯುವವನು, ವೃತ್ತಿಧರ್ಮ ಬಲ್ಲವನು. ನಡತೆ, ನೀತಿ, ಸಂವಹನಕ್ಕೆ ಪ್ರತ್ಯೇಕ ಪಾಠ ಇಟ್ಟರು. ಮೊದಲ ತಿಂಗಳಲ್ಲೇ ಭಾಷೆ ಕಲಿಕೆಗೂ ಸಮಯ ಕೊಟ್ಟರು. ಸರ್ಕಾರಿ ಕಾಲೇಜುಗಳ ಎಂಬಿಬಿಎಸ್ ಸೀಟಿನಲ್ಲಿ ನೂರಕ್ಕೆ 15 ಇಡೀ ದೇಶದ ಪಾಲು, ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ, ಆದ್ದರಿಂದ ಬೇಕೇ ಬೇಕು. ಆದರೆ ಸ್ಥಳೀಯ ಭಾಷೆ ಅಂದರೆ ರಾಜ್ಯದ ಭಾಷೆ ಅಂತಲೇ ಲೆಕ್ಕ. ಬಳ್ಳಾರಿಗೆ ಕನ್ನಡ, ಅನಂತಪುರಕ್ಕೆ ತೆಲುಗು. ಗಡಿ ದಾಟಿ ಬಂದ ರೋಗಿ ಈ ಲೆಕ್ಕಕ್ಕೆ ಬರೋದಿಲ್ಲ. ಅನಂತಪುರದಲ್ಲಿ ಕುಂತ ನಮ್ಮ ಕನ್ನಡದ ಅಜ್ಜಿ 'ಆಯಾಸ' ಅಂದರೆ ಅಲ್ಲಿ ಉಬ್ಬಸ ಹುಡುಕಿಯಾರು.

ಡಾಕ್ಟರ ಪಾಡನ್ನೂ ಹೇಳಬೇಕು. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದಿತು. ರೋಗಿಗೆ ಅದರಿಂದ ನ್ಯಾಯ ಸಿಕ್ಕಿತು, ನಾನೂ ಒಪ್ಪುತ್ತೇನೆ. ಆದರೆ ಎದುರು ಕುಂತವನು ನಾಳೆ ಕೇಸು ಹಾಕುವ ಗಿರಾಕಿ ಅನ್ನೋ ಶಂಕೆ ಡಾಕ್ಟರ ಮನಸ್ಸು ಹೊಕ್ಕಿದ್ದೂ ಸುಳ್ಳಲ್ಲ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಳಗೇ, ಡ್ಯೂಟಿಯಲ್ಲಿದ್ದ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಂದರು. ಆಮೇಲೆ ಬೀದಿಗಿಳಿದ ಮಕ್ಕಳು ಕೇಳಿದ್ದು ದೇವರ ಪಟ್ಟವಲ್ಲ. ಮಲಗಲು ಒಂದು ಕೋಣೆ, ಬಾಗಿಲಿಗೆ ಕಾವಲು. 'ವೈದ್ಯೋ ನಾರಾಯಣೋ ಹರಿಃ' ಅಂತ ಕೈಮುಗಿದು, ರೋಗಿ ಸತ್ತರೆ ಅದೇ ಕೈ ಎತ್ತುವ ನಮ್ಮ ಜನವೂ ಅವರ ಅಳುಕಿಗೆ ಗೊಬ್ಬರ ಹಾಕಿದವರೇ.

ನಮ್ಮ ಬೇಡಿಕೆ ಸಣ್ಣದು. ಗಡಿ ಜಿಲ್ಲೆಯ ಮೆಡಿಕಲ್ ಕಾಲೇಜುಗಳು ಭಾಷೆಯ ಪಾಠದಲ್ಲಿ ಪಕ್ಕದ ರಾಜ್ಯದ ಮಾತಿಗೂ ಕೆಲವು ಗಂಟೆ ಇಡಲಿ. ನೋವು, ಉರಿ, ಉಸಿರು, ಮುಟ್ಟು, ಹೊಟ್ಟೆ, ಎದೆ ಕುರಿತ ನೂರು ಮಾತು ಎರಡೂ ಭಾಷೆಯಲ್ಲಿ ಬರೆದು ಹೌಸ್ ಸರ್ಜನ್ನರ ಜೇಬಿಗೆ ಹಾಕಲಿ. ರೋಗಿ ಹೇಳಿದ್ದನ್ನು ತಿರುಗಿ ಕೇಳುವುದಕ್ಕೂ ಪರೀಕ್ಷೆಯಲ್ಲಿ ಅಂಕ ಕೊಡಲಿ. ಪಟ್ಟಿ ಬರೆದುಕೊಡುವ ಮಂದಿ ರಾಯದುರ್ಗ, ಆದೋನಿ, ಮಡಕಶಿರಾ ಕಡೆ ಬೇಕಾದಷ್ಟಿದ್ದಾರೆ. ಕಾಲೇಜಿನವರು ಒಂದು ಕಾಗದ ಹಾಕಿದರೆ, ಬಿತ್ತನೆ ಮುಗಿದ ಮೇಲೆ ನಾವೇ ಬಂದು ಕೂತು ಬರೆದುಕೊಡುತ್ತೇವೆ.