ನೂರರ ಬಾಯಿಪಾಠ ಸಾಕು, ಮೂರನ್ನು ಕಾಣಿಸೋಣ



ನಮ್ಮ ಸಂಘದ ಸಮಾರಂಭಗಳಲ್ಲಿ ಮೂರು ವರ್ಷದ ಮಗುವೊಂದು ವೇದಿಕೆಯೇರಿ ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸಿದರೆ ಸಭಾಂಗಣವೆಲ್ಲ ಚಪ್ಪಾಳೆಯಿಂದ ತುಂಬುತ್ತದೆ. ಒಮ್ಮೆ ಆ ಮಗು ನಮ್ಮದೇ ಆಗಿತ್ತು. ಅಂದು ಸಂಜೆ ಮನೆಯಲ್ಲಿ, "ಅಜ್ಜಿಗೆ ಮೂರು ಕೋಡುಬಳೆ ತಂದುಕೊಡು, ಪುಟ್ಟಿ" ಎಂದೆವು. ಅವಳು ಕೈಗೆ ಸಿಕ್ಕಷ್ಟನ್ನು ಬಾಚಿ ತಂದಳು. ಇವು ಮೂರೇ ಎಂದು ಕೇಳಿದರೆ ಹೌದೆಂದು ತಲೆಯಾಡಿಸಿದಳು. ನೂರರವರೆಗೆ ಹೇಳಬಲ್ಲ ಮಗುವಿಗೆ ಮೂರು ಎಂದರೇನೆಂದು ತಿಳಿದಿರಲಿಲ್ಲ. ಆ ವಯಸ್ಸಿಗೆ ಅದು ಸಹಜ. ವೈದ್ಯವೃತ್ತಿಯಲ್ಲಿದ್ದೂ ಬಾಯಿಪಾಠವನ್ನೇ ಗಣಿತವೆಂದು ಬಗೆದು ಬೀಗಿದ ತಪ್ಪು ನಮ್ಮದು.

ಎರಡು ಮೂರು ವಸ್ತುಗಳನ್ನು ಕಂಡೊಡನೆ, ಬೆರಳಿಟ್ಟು ಎಣಿಸದೆಯೇ, ಇಷ್ಟಿವೆ ಎಂದು ಅರಿಯುವ ಶಕ್ತಿ ಮನುಷ್ಯನಿಗಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1871ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧ. ಅವರು ಪೆಟ್ಟಿಗೆಯೊಳಕ್ಕೆ ಕಾಳುಗಳನ್ನು ಎಸೆದು, ಒಂದೇ ನೋಟಕ್ಕೆ ಸಂಖ್ಯೆ ಹೇಳುವುದನ್ನು ಸಾವಿರಕ್ಕೂ ಹೆಚ್ಚು ಬಾರಿ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಕಾಳುಗಳು ಮೂರೋ ನಾಲ್ಕೋ ಇದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪುಗಳು ಕಾಣಿಸಿಕೊಂಡವು. ಈ ಶಕ್ತಿಗೆ 1949ರಲ್ಲಿ, 'ಥಟ್ಟನೆ' ಎಂಬರ್ಥದ ಲ್ಯಾಟಿನ್ ಪದದಿಂದ, 'ಸಬಿಟೈಸಿಂಗ್' ಎಂಬ ಹೆಸರು ಬಂತು. 'ಮೂರು' ಎಂಬ ಸದ್ದು ಮೂರರ ನೋಟದೊಡನೆ ಬೆಸೆದುಕೊಂಡಾಗ ಮಗುವಿಗೆ ಆ ಪದ ಅರ್ಥವಾಗತೊಡಗುತ್ತದೆ. ಅಲ್ಲಿಯವರೆಗೆ ಒಂದರಿಂದ ನೂರು ಎಂಬುದು ಅರ್ಥ ತಿಳಿಯದೆ ಒಪ್ಪಿಸಿದ ಮಂತ್ರ.

ನಾವು ನೆಲೆಸಿರುವ ಇಂಗ್ಲೆಂಡಿನ ಶಾಲೆಗಳು ಇದನ್ನು ಅರಿತಿವೆ. ಇಲ್ಲಿ 2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಶಿಶುಶಿಕ್ಷಣದ ಪರಿಷ್ಕೃತ ಚೌಕಟ್ಟು, ರಿಸೆಪ್ಷನ್ ವರ್ಷದ ಕೊನೆಗೆ ಮಗು ಐದರವರೆಗಿನ ಪ್ರಮಾಣವನ್ನು ಎಣಿಸದೆ ಗುರುತಿಸಬೇಕೆಂಬ ಗುರಿಯನ್ನಿಟ್ಟಿದೆ. ಬಾಯಲ್ಲಿ ಹೇಳುವ ಎಣಿಕೆ ಇಪ್ಪತ್ತನ್ನು ದಾಟಿದರೆ ಅದಕ್ಕೆ ಸಾಕು. ನೂರೇ ಬೇಕೆಂದು ಹಟ ಹಿಡಿದವರು ನಾವು.

"ನಾವೂ ಮಗ್ಗಿಯನ್ನು ಉರು ಹೊಡೆದೇ ಕಲಿತೆವಲ್ಲ, ಏನು ಕಡಿಮೆಯಾಯಿತು?" ಎಂದು ಹಿರಿಯರು ಕೇಳುವುದುಂಟು. ಸರಿಯಾದ ಪ್ರಶ್ನೆಯೇ. ಆದರೆ ಮಗ್ಗಿ ಹೇಳುತ್ತಿದ್ದ ನಮ್ಮ ಮನೆಯ ನೆಲದ ಮೇಲೆ ಚೌಕಾಬಾರದ ಮನೆ ಬರೆದಿರುತ್ತಿತ್ತು. ನಾಲ್ಕು ಕವಡೆ ಚೆಲ್ಲಿದೊಡನೆ ಎಷ್ಟು ಬಾಯಿ ಮೇಲಾಗಿವೆ ಎಂಬುದನ್ನು ಯಾರೂ ಬೆರಳಿಟ್ಟು ಎಣಿಸುತ್ತಿರಲಿಲ್ಲ. ಎಲ್ಲವೂ ಮೇಲಾದರೆ ಚೌಕ, ಎಲ್ಲವೂ ಕವುಚಿ ಬಿದ್ದರೆ ಬಾರ ಎಂಟು. ಕಣ್ಣು ಕಂಡದ್ದನ್ನು ಬಾಯಿ ಕೂಗುತ್ತಿತ್ತು. ಅಳಗುಳಿಮಣೆಯ ಗುಳಿಗಳೂ ಅಂಗಳದ ರಂಗೋಲಿಯ ಚುಕ್ಕಿಗಳೂ ಅದೇ ಪಾಠವನ್ನು ಹೇಳಿಕೊಡುತ್ತಿದ್ದವು. ನಾವು ಕಡಲು ದಾಟುವಾಗ ಬಾಯಿಪಾಠವನ್ನು ಜೊತೆಗೆ ತಂದೆವು. ಕವಡೆಯನ್ನು ಊರಲ್ಲೇ ಬಿಟ್ಟೆವು. ನಮ್ಮ ಮಕ್ಕಳಿಗೆ ದಕ್ಕಿರುವುದು ಅರ್ಧ ಶಿಕ್ಷಣ.

ಇದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಕೆಲವು ಮಕ್ಕಳಿಗೆ ಪ್ರಮಾಣದ ಅರಿವು ಮೂಡುವುದೇ ಕಷ್ಟ. ನಿರರ್ಗಳ ಬಾಯಿಪಾಠವು ಆ ಕಷ್ಟವನ್ನು ಮುಚ್ಚಿಡುತ್ತದೆ, ನಮ್ಮ ಚಪ್ಪಾಳೆ ಅದಕ್ಕೆ ಬೀಗ ಹಾಕುತ್ತದೆ, ದೊರೆಯಬೇಕಾದ ನೆರವು ತಡವಾಗುತ್ತದೆ. ಶಾಲೆಗೆ ಸೇರಿ ವರ್ಷ ಕಳೆದ ಮೇಲೂ ಎರಡು ಮೂರು ವಸ್ತುಗಳನ್ನು ಪ್ರತಿ ಸಲ ಒಂದೊಂದಾಗಿ ಎಣಿಸಲೇಬೇಕಾದ ಮಗುವನ್ನು ಗದರಿಸಬೇಡಿ, ಶಿಕ್ಷಕರೊಡನೆ ಮಾತನಾಡಿ.

ಮನೆಯಲ್ಲಿ ಮಾಡಬೇಕಾದುದು ಅಲ್ಪ. ತಟ್ಟೆಯಲ್ಲಿ ಎರಡು ಚಮಚವಿಟ್ಟು, ಕ್ಷಣಕಾಲ ತೋರಿಸಿ, ಬಟ್ಟೆ ಮುಚ್ಚಿ, "ಎಷ್ಟಿದ್ದವು?" ಎಂದು ಕೇಳಿ. ಎರಡು ಪಳಗಿದ ಮೇಲೆ ಮೂರು, ಆಮೇಲೆ ನಾಲ್ಕು. ಪ್ರತಿ ಸಲವೂ ಜೋಡಣೆಯನ್ನು ಬದಲಿಸಿ. ಇಲ್ಲವಾದರೆ ಮಗು ಸಂಖ್ಯೆಯ ಬದಲು ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಐದನ್ನು ಮೂರು ಮತ್ತು ಎರಡರ ಗುಂಪಾಗಿ ಕಾಣಿಸಿ. ಕೂಡುವ ಲೆಕ್ಕದ ಬೀಜ ಅಲ್ಲಿದೆ. "ಮೂರು ಇಡ್ಲಿ", "ಎರಡು ಕಿತ್ತಳೆ" ಎಂದು ಕನ್ನಡದಲ್ಲೇ ಹೇಳಿ. ಸಂಖ್ಯೆಯೊಡನೆ ನುಡಿಯೂ ಉಳಿಯುತ್ತದೆ. ವೈದ್ಯರಾಗಿ ಒಂದು ಎಚ್ಚರಿಕೆ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಹುಣಸೆಬೀಜ, ಕವಡೆಗಳನ್ನು ಕೊಡಬೇಡಿ; ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದೊಡ್ಡ ಮಕ್ಕಳು ಆಡುವಾಗಲೂ ಹಿರಿಯರೊಬ್ಬರು ಬಳಿಯಲ್ಲಿರಲಿ.

ಎಣಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಕಾಲವಿದೆ, ಶಾಲೆಯಿದೆ. ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಇಷ್ಟೇ: ಬರುವ ರಾಜ್ಯೋತ್ಸವದಲ್ಲಿ ಪುಟಾಣಿಗಳ ಎಣಿಕೆಯ ಸ್ಪರ್ಧೆಯನ್ನು ಕೈಬಿಡಿ. ಆ ಅರ್ಧ ಗಂಟೆ ಸಭಾಂಗಣದ ಮೂಲೆಯಲ್ಲಿ ಜಮಖಾನ ಹಾಸಿ, ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದ ಹಲಗೆಯನ್ನಿಡಿ. ಅಜ್ಜ-ಅಜ್ಜಿಯರು ಕವಡೆ ಚೆಲ್ಲಲಿ, ಮೊಮ್ಮಕ್ಕಳು ಕಂಡದ್ದನ್ನು ಕೂಗಲಿ. ಕವಡೆಗಳನ್ನು ನಾವು ತರುತ್ತೇವೆ.