ಮೇಲುಕೋಟೆಯ ಜಗಲಿಗಳೂ ಸ್ಮಾರಕಗಳೇ

ವೈರಮುಡಿ ಉತ್ಸವದ ದಿನ ಮಂಡ್ಯದ ಖಜಾನೆಯಿಂದ ವೈರಮುಡಿ ಕಿರೀಟ ಹೊರಡುತ್ತದೆ. ಪೊಲೀಸ್ ಕಾವಲಿನಲ್ಲಿ, ದಾರಿಯ ಊರುಗಳಲ್ಲಿ ಪೂಜೆ ಪಡೆಯುತ್ತಾ ಮೇಲುಕೋಟೆಯ ಬೆಟ್ಟ ಏರುತ್ತದೆ. ರಾತ್ರಿ ಚೆಲುವನಾರಾಯಣನ ಉತ್ಸವಮೂರ್ತಿಗೆ ಮುಡಿಸಿ ಮೆರವಣಿಗೆ ಮಾಡಿ, ಬೆಳಕು ಹರಿಯುವ ಮೊದಲು ತೆಗೆದಿಡುತ್ತಾರೆ. ಇಂಥ ಜೋಪಾನ ಕಂಡರೆ ಮನಸ್ಸು ತುಂಬಿ ಬರುತ್ತದೆ. ಆದರೆ ಆ ಮೆರವಣಿಗೆ ಸಾಗುವ ಬೀದಿಯ ಹಳೆಯ ಮನೆಗಳನ್ನು ಕಾಯುವವರು ಯಾರೂ ಇಲ್ಲ.

ಮೇಲುಕೋಟೆ ಎಂದರೆ ದೇವಸ್ಥಾನ, ಕಲ್ಯಾಣಿ, ಬೆಟ್ಟದ ತುದಿಯ ಯೋಗನರಸಿಂಹ ಎಂದು ನಾವು ಎಣಿಸಿ ಮುಗಿಸುತ್ತೇವೆ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿದ್ದು, ಆಮೇಲೆ ವಿಜಯನಗರದವರು ಕಟ್ಟಿಸಿದ್ದು, ಮೈಸೂರು ಅರಸರು ದೇವರಿಗೆ ಕಿರೀಟಗಳನ್ನು ಒಪ್ಪಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟು ಕಾಲ ಈ ಬಂಡೆಯ ನೆತ್ತಿಯ ಮೇಲೆ ಜನ ಬದುಕಿದ್ದಾದರೂ ಹೇಗೆ? ನದಿ ಇಲ್ಲ, ಹೊಳೆ ಇಲ್ಲ. ಇರುವುದು ಮಳೆ ಮತ್ತು ಬಂಡೆ. ಬಂಡೆಯ ಮೇಲೆ ಬಿದ್ದ ನೀರು ಇಳಿದು ಬರುವ ಜಾಗ ನೋಡಿ ಕೊಳ ತೋಡಿ, ಮೆಟ್ಟಿಲು ಕಟ್ಟಿ ಹಿಡಿದಿಟ್ಟರು. ಅಕ್ಕ-ತಂಗಿ ಕೊಳಗಳನ್ನೇ ನೋಡಿ: ಅಕ್ಕಪಕ್ಕದಲ್ಲೇ ಇವೆ, ನಡುವೆ ಇರುವುದು ಒಂದು ಕಟ್ಟೆ ಮಾತ್ರ. ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಬಳಕೆಗೆ. ನನ್ನ ಮಟ್ಟಿಗೆ ಈ ಊರಿನ ಅತ್ಯಂತ ಬುದ್ಧಿವಂತ ಕಟ್ಟಡ ಅದೇ.

ಮನೆಗಳದೂ ಅಷ್ಟೇ. ಬೀದಿಗೆ ತೆರೆದ ಜಗಲಿ, ಮರದ ಕಂಬ, ನಾಡಹೆಂಚಿನ ಮಾಡು, ಮಣ್ಣು-ಗಾರೆಯ ದಪ್ಪ ಗೋಡೆ. ಇಂಥ ಗೋಡೆ ಉಸಿರಾಡಬೇಕು. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಕೆಲವೇ ಮಳೆಗಾಲಗಳಲ್ಲಿ ಗಾರೆ ಪುಡಿಯಾಗಿ ಉದುರುತ್ತದೆ. ತೊಲೆಗೆ ಗೆದ್ದಲು ಹಿಡಿದರೆ ಬದಲಾಯಿಸುವ ಬಡಗಿ ಸಿಕ್ಕುವುದು ಕಷ್ಟ, ಸಿಕ್ಕರೂ ಮರದ ಬೆಲೆ ಕೈಗೆಟಕುವುದಿಲ್ಲ. ಮನೆಯವರು ಬೇಸತ್ತು ಕೆಡವಿ ಆರ್‌ಸಿಸಿ ಹಾಕಿಸಿದರೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಸೋರುವ ಮಾಡಿನ ಕೆಳಗೆ ಮಲಗುವವರು ಅವರು, ಫೋಟೊ ತೆಗೆದುಕೊಂಡು ಹೊರಡುವ ನಾವಲ್ಲ.

2022ರಲ್ಲಿ ರಾಯಗೋಪುರದ ಹತ್ತಿರ ಸಿನಿಮಾದವರು ಬಾರಿನ ಸೆಟ್ ಹಾಕಿದಾಗ ಊರವರು ಸಿಟ್ಟಿಗೆದ್ದರು. ಸಿಟ್ಟು ನ್ಯಾಯವಾದದ್ದೇ. ಮುಗಿಲಿಗೆ ಎದ್ದು ನಿಂತ ಆ ನಾಲ್ಕು ಕಲ್ಲುಕಂಬಗಳು, ಪೂರ್ತಿಯಾಗದೆ ಉಳಿದ ಆ ಗೋಪುರ ಯಾರದೋ ಶೂಟಿಂಗಿನ ಹಿನ್ನೆಲೆ ಪರದೆಯಲ್ಲ. ಆದರೆ ಸದ್ದಿಲ್ಲದೆ ಒಂದು ಕೊಳದಲ್ಲಿ ಹೂಳು, ಪ್ಲಾಸ್ಟಿಕ್ ತುಂಬಿಕೊಂಡಾಗ, ಒಂದು ಜಗಲಿ ಒಡೆದು ಅಂಗಡಿಯ ಷಟರ್ ಬಂದಾಗ ಅಷ್ಟೇ ಸಿಟ್ಟು ನಮಗೆ ಬರಬೇಡವೇ?

ರಾಜ್ಯದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1961ರ ಕಾಯ್ದೆ ಇದೆ. ಘೋಷಿತ ಸ್ಮಾರಕವನ್ನು ಅದು ಕಾಯುತ್ತದೆ. ಜನ ಒಲೆ ಹಚ್ಚುವ, ಬಟ್ಟೆ ಒಣಹಾಕುವ ಮನೆಯನ್ನು ಆ ಪಟ್ಟಿಗೆ ಸೇರಿಸಿದರೆ ಮೊಳೆ ಹೊಡೆಯುವುದಕ್ಕೂ ಕಚೇರಿ ಅಲೆಯಬೇಕಾದೀತು. ಹಾಗಾಗಿ ಬೇಕಾದದ್ದು ನಿರ್ಬಂಧಕ್ಕಿಂತ ಮೊದಲು ನೆರವು. ಯಾತ್ರಿಕರಿಂದ ಬರುವ ಪಾರ್ಕಿಂಗ್ ಶುಲ್ಕದಲ್ಲಿ, ಚಿತ್ರೀಕರಣದ ಬಾಡಿಗೆಯಲ್ಲಿ ಒಂದು ಪಾಲನ್ನು ಹೆಂಚು, ಸುಣ್ಣ, ಮರದ ದುರಸ್ತಿಗೆಂದು ಮನೆಯವರ ಕೈಗೇ ಕೊಡಿ. ಗಾರೆ ಕೆಲಸ ಬಲ್ಲ ಹಳಬರ ಜೊತೆ ಊರಿನ ನಾಲ್ಕು ಹುಡುಗರನ್ನು ಕೂಲಿ ಕೊಟ್ಟು ನಿಲ್ಲಿಸಿ. ಪ್ರತಿ ಕೊಳದ ಸರ್ವೆ ನಂಬರು, ಅದಕ್ಕೆ ನೀರು ಬರುವ ದಾರಿ ಎರಡನ್ನೂ ಗುರುತಿಸಿ ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಬೇಸಿಗೆ ಮುಗಿಯುವುದರೊಳಗೆ ಹೂಳೆತ್ತಿದರೆ ಮುಂಗಾರಿನ ಮೊದಲ ನೀರೇ ಕೊಳಕ್ಕೆ ಸೇರುತ್ತದೆ.