ಕುದುರೆ ಹತ್ತೋಕೆ ಮುಂಚೆ ಬೆನ್ನಿನ ಮಾತು

ಇಲ್ಲಿ ಎವರ್‌ಗ್ರೀನ್‌ನಲ್ಲಿ ನಮ್ಮವರ ಮಕ್ಕಳೂ ಕುದುರೆ ಸವಾರಿ ಕಲೀತಾರೆ ಅಂದ್ರೆ ಊರಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಸೊಂಟ ಹಾಳಾಗಲ್ವಾ?"

ಸವಾರರಿಗೆ ಬೆನ್ನುನೋವು ಸಾಮಾನ್ಯ, ನಿಜ. ಆದ್ರೆ ಎಲ್ಲಾನೂ ಕುದುರೆ ತಲೆಗೆ ಕಟ್ಟೋದು ಸರಿಯಲ್ಲ ಅಂತೀನಿ. ಕುದುರೆ ನಡೆಯುವಾಗ ಅದರ ಬೆನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ, ಅಕ್ಕಪಕ್ಕ ಅಲುಗುತ್ತೆ. ಸವಾರರ ಸೊಂಟ ಅದರ ಜೊತೆ ಆಡಬೇಕು, ಎದೆ-ತಲೆ ನೆಟ್ಟಗಿರಬೇಕು. ಇದನ್ನ ಸಂಭಾಳಿಸೋದು ಹೊಟ್ಟೆಯ ಒಳಪದರದ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು. ಅವು ದಣಿದ್ರೆ ಕುಲುಕಾಟವೆಲ್ಲ ಬೆನ್ನಿಗೇ. ಮೈ ಬಿಗಿ ಹಿಡಿದು ಕೂತ್ರೂ ಅಷ್ಟೇ.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರಲ್ಲ, ಆ ಆಟದ ಸವಾರಿ ನೋಡಿ. ಕುದುರೆ ಬೇಲಿ ಹಾರಿದ್ರೂ ಸವಾರರ ಹಿಡಿತ ತಪ್ಪಲ್ಲ. ಅದು ತೋಳಿನ ಬಲ ಅಲ್ಲ, ನಡುವಿನ ಬಲ.

ಹೆಲ್ಮೆಟ್ ಬೇಕೇ ಬೇಕು. ಅದರ ಜೊತೆ ದಿನಾ ಹತ್ತು ನಿಮಿಷ ವ್ಯಾಯಾಮಾನೂ ಬೇಕು. ಮಂಡಿ, ಅಂಗೈ ಊರಿ, ಬಲಗೈ ಎಡಗಾಲು ಚಾಚಿ, ನಡು ಬಾಗದ ಹಾಗೆ ಹತ್ತು ಎಣಿಸಿ. ಆಮೇಲೆ ಇನ್ನೊಂದು ಕಡೆ. ಉಸಿರು ಕಟ್ಟಬೇಡಿ. ಗುಂಡಿ ರಸ್ತೇಲಿ ಸ್ಕೂಟರ್ ಓಡಿಸೋ ನಿಮಗೂ ಇದು ಒಳ್ಳೇದೇ. ಸೊಂಟದ ಬೆಲ್ಟ್ ಈ ಸ್ನಾಯುಗಳ ಬದಲಿ ಅಲ್ಲ.

ಬಿದ್ದ ಮೇಲೆ ಬೆನ್ನು ನೋವು, ಕಾಲು ಜೋಮು, ಮೂತ್ರದ ಹಿಡಿತ ತಪ್ಪೋದು, ಇಂಥದ್ದಾದ್ರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.